ಹರಿಗೋಲೂ ವಿಹಾರನೌಕೆಯೂ

ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರಿಗೆ "ನಮಗೆ ಬೇಕೆನಿಸಿದ ಒಂದು ವಸ್ತು" ಎಂಬ ವಿಷಯವನ್ನು ಪ್ರಬಂಧಕ್ಕಾಗಿ ಕೊಟ್ಟಿದ್ದೆವು. ಬಳ್ಳಾರಿ ಪಟ್ಟಣದಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಹುಡುಗಿಯು ನಾಲ್ಕು ಪುಟಗಳ ತುಂಬ ಒಂದು ವಿಹಾರನೌಕೆಯನ್ನು ವರ್ಣಿಸಿದ್ದಳು. ಅದಕ್ಕೆ ಅಂತಸ್ತಿನ ಮೇಲೆ ಅಂತಸ್ತು. ಅದರ ಮೇಲೊಂದು ಈಜುಕೊಳ. ಕೊಳದ ಆಚೆಗೆ ಹೆಲಿಕಾಪ್ಟರು ಇಳಿಯುವ ಕಟ್ಟೆ. ಇವೆಲ್ಲವನ್ನೂ ಅವಳು ತನ್ನ ಅಣ್ಣನ ಫೋನಿನಲ್ಲಿ ನೋಡಿದ್ದಳಂತೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಸಿರುಗುಪ್ಪದ ಕಡೆಯ ಹುಡುಗಿಯು ಬರೆದುದು ಅರ್ಧ ಪುಟ ಮಾತ್ರ. ತನ್ನ ತಾತನ ಹರಿಗೋಲಿನ ತಳ ಸವೆದಿದೆ, ಅದಕ್ಕೆ ಹೊಸ ಹಾಳೆಯೂ ಡಾಂಬರೂ ಬೇಕು, ಅವು ದೊರೆತರೆ ದೀಪಾವಳಿಯ ರಜೆಯಲ್ಲಿ ತಾನೂ ತಮ್ಮನೂ ನೀರಿಗೆ ಹೋಗಬಹುದು ಎಂದಿಷ್ಟೆ. ಮೊದಲನೆಯವಳಿಗೆ ಇಪ್ಪತ್ತಕ್ಕೆ ಹದಿನೇಳು ಅಂಕಗಳನ್ನೂ ಎರಡನೆಯವಳಿಗೆ ಹನ್ನೊಂದನ್ನೂ ಕೊಟ್ಟೆವು. ಕೊಟ್ಟವರು ನಾವೇ, ಈ ತಪ್ಪನ್ನು ಬೇರೆ ಯಾವ ಉಪಾಧ್ಯಾಯಿನಿಯ ಮೇಲೂ ಹೊರಿಸುವಂತಿಲ್ಲ.

ಪುಸ್ತಕಗಳನ್ನು ಹಿಂದಿರುಗಿಸಿದ ದಿನ ರಾತ್ರಿ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲ. ಆ ಅರ್ಧ ಪುಟದಲ್ಲಿ ಬೇಕಾದ ವಸ್ತುವೂ ಇತ್ತು, ಅದರ ಖರ್ಚೂ ಇತ್ತು, ಅದು ದೊರೆತ ಮೇಲೆ ಏನು ಮಾಡುವುದೆಂಬುದೂ ಇತ್ತು. ನಾಲ್ಕು ಪುಟಗಳ ನೌಕೆಯು ಯಾವ ನೀರಿನ ಮೇಲೆ ಹೋಗುವುದೆಂಬುದು ಎಲ್ಲಿಯೂ ಬರೆದಿರಲಿಲ್ಲ. ಅಂಕಗಳನ್ನು ತಿದ್ದುವ ಕಾಲ ಮೀರಿಹೋಗಿದ್ದುದರಿಂದ ಈ ಸಂಚಿಕೆಯಲ್ಲಾದರೂ ಆ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡೋಣವೆಂದು ಬರೆಯಲು ಕುಳಿತಿದ್ದೇವೆ.

ಮೊದಲು ಹರಿಗೋಲಿನ ವಿಚಾರ. ತುಂಗಭದ್ರೆಯ ದಡದವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ; ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಈಗ ದೂರದ ಊರುಗಳಲ್ಲಿದ್ದಾರೆ, ಅವರ ಮಕ್ಕಳು ಇದನ್ನು ಕಂಡೇ ಇರಲಾರರು. ಬಿದಿರನ್ನು ಸೀಳಿ ದಬ್ಬೆಗಳನ್ನು ಮಾಡಿ, ಅವುಗಳನ್ನು ನೆಲದ ಮೇಲೆ ಅಡ್ಡವಾಗಿಯೂ ಉದ್ದವಾಗಿಯೂ ಹೆಣೆದು, ಅಂಚನ್ನು ಮೇಲಕ್ಕೆ ಬಾಗಿಸಿ, ಬಾಯಿಯ ಸುತ್ತಲೂ ದಪ್ಪನಾದ ಕಟ್ಟನ್ನು ಕಟ್ಟಿದರೆ ಒಂದು ದೊಡ್ಡ ಬುಟ್ಟಿಯಾಗುವುದು. ಹಿಂದೆ ಅದರ ಹೊರಮೈಗೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ನಮ್ಮ ಸೀಮೆಯಲ್ಲಿ ಕೆಲವರು ಇದನ್ನು ತೆಪ್ಪವೆನ್ನುವರು, ತೆಲುಗು ಮಾತಾಡುವವರು ಪುಟ್ಟಿ ಎನ್ನುವರು. ಇದಕ್ಕೆ ಮುಂದು ಹಿಂದೆಂಬುದಿಲ್ಲ, ಚುಕ್ಕಾಣಿಯಿಲ್ಲ, ನೀರಿನೊಳಗೆ ಇಳಿದು ದಿಕ್ಕನ್ನು ಹಿಡಿದಿಡುವ ಬೆನ್ನೆಲುಬಿನಂಥ ತೊಲೆಯೂ ಇಲ್ಲ. ಆದಕಾರಣ ಹುಟ್ಟನ್ನು ಒಂದೇ ಪಕ್ಕದಲ್ಲಿ ಹಾಕಿದರೆ ಇದು ಇದ್ದಲ್ಲಿಯೇ ಬುಗುರಿಯಂತೆ ತಿರುಗುವುದು. ಅಂಬಿಗನು ತಾನು ಹೋಗಬೇಕಾದ ಕಡೆಗೆ ಮುಖ ಮಾಡಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹೊಸಬರು ಇದನ್ನು ಕಲಿಯುವುದರೊಳಗಾಗಿ ಹತ್ತಾರು ಸುತ್ತು ತಿರುಗಿ ತಲೆಸುತ್ತಿ ಕೂರುವುದು ನಿಶ್ಚಯ.

ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ದೊಮಿಂಗೊ ಪಯಸ್ ಎಂಬ ಪೋರ್ತುಗೀಸನು ಆನೆಗೊಂದಿಯ ಕಡೆಗೆ ಜನರು ದಾಟುವ ಈ ಬುಟ್ಟಿದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವುಗಳಿಗೆ ಹೊರಗೆ ತೊಗಲನ್ನು ಹೊದಿಸಿತ್ತೆಂದೂ, ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದವೆಂದೂ, ಬೇಕಾದರೆ ಕುದುರೆ ಎತ್ತುಗಳೂ ಅವುಗಳಲ್ಲಿ ದಾಟುತ್ತಿದ್ದವೆಂದೂ, ನೆಟ್ಟಗೆ ಹೋಗಲಾರದೆ ಯಾವಾಗಲೂ ಸುತ್ತುತ್ತಿದ್ದವೆಂದೂ ಅವನು ತಿಳಿಸುತ್ತಾನೆ. ಸಮುದ್ರದಾಚೆಯಿಂದ ದೊಡ್ಡ ಹಡಗಿನಲ್ಲಿ ಬಂದವನಿಗೆ ಈ ಸುತ್ತುವಿಕೆಯು ವಿಚಿತ್ರವಾಗಿ ಕಂಡುದು ಸಹಜವೇ ಸರಿ. ಅವನು ಕಂಡ ಸಾಮ್ರಾಜ್ಯವು ಹೋಯಿತು, ಅವನನ್ನು ಕಳುಹಿದ ಸಾಮ್ರಾಜ್ಯವೂ ಹೋಯಿತು. ಹಂಪಿ ಆನೆಗೊಂದಿಗಳ ನಡುವೆ ನಮ್ಮ ಕಾಲದಲ್ಲಿ ಕಟ್ಟುತ್ತಿದ್ದ ಸೇತುವೆಯು ೨೦೦೯ರಲ್ಲಿ ಕುಸಿದುಬಿದ್ದಿತು. ಹರಿಗೋಲು ಮಾತ್ರ ಅದೇ ಹೊಳೆಯ ಮೇಲೆ ಸುತ್ತುತ್ತಲೇ ಇದೆ.

ಇನ್ನು ಇದರ ಗಣಿತ. ಇದನ್ನು ನಾವು ವಿಜ್ಞಾನದ ತರಗತಿಯಲ್ಲಿ ಆರ್ಕಿಮಿಡೀಸನ ನಿಯಮವನ್ನು ಕಲಿಸುವಾಗ ಕರಿಹಲಗೆಯ ಮೇಲೆ ಬರೆಯುವುದುಂಟು. ಎರಡು ಮೀಟರ್ ಅಗಲದ ಒಂದು ಹರಿಗೋಲನ್ನು ತೆಗೆದುಕೊಳ್ಳಿರಿ. ಅದರ ತಳದ ವಿಸ್ತೀರ್ಣವು ೩.೧೪ ಚದರ ಮೀಟರ್. ಅದು ನೀರಿನಲ್ಲಿ ಹತ್ತು ಸೆಂಟಿಮೀಟರಿನಷ್ಟು ಇಳಿದರೆ ೩೧೪ ಲೀಟರು ನೀರನ್ನು ಪಕ್ಕಕ್ಕೆ ತಳ್ಳುವುದು. ಅಂದರೆ ಸುಮಾರು ೩೧೪ ಕಿಲೋಗ್ರಾಂ ಭಾರವನ್ನು ಹೊರುವುದು. ಅರುವತ್ತು ಕಿಲೋಗ್ರಾಂ ತೂಕದ ಐವರು ಕುಳಿತುಕೊಂಡರೂ ಅದು ನೀರಿನಲ್ಲಿ ಇಳಿಯುವುದು ಐದಾರು ಬೆರಳುಗಳಷ್ಟೇ. ಅದರ ಸ್ವಂತ ತೂಕಕ್ಕಾಗಿ ಇನ್ನೊಂದೆರಡು ಬೆರಳು ಸೇರಿಸಿರಿ. ಗೋಡೆಯು ಓರೆಯಾಗಿರುವುದರಿಂದ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಬರುವುದು, ಅಷ್ಟೆ. ಬೇಸಗೆಯಲ್ಲಿ ತುಂಗಭದ್ರೆಯು ಬಂಡೆಗಳ ನಡುವೆ ಸೊರಗಿ ಮೊಣಕಾಲುದ್ದ ಹರಿಯುವಾಗಲೂ ಇದು ತೇಲುವುದು. ನೀರೇ ಇಲ್ಲದ ಕಡೆ ಒಬ್ಬನೋ ಇಬ್ಬರೋ ಇದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಡೆಯುವರು. ದೂರದಿಂದ ನೋಡಿದರೆ ಒಂದು ದೊಡ್ಡ ಆಮೆಯು ಎದ್ದು ನಿಂತು ದಾರಿ ನಡೆಯುವಂತೆ ತೋರುವುದು.

ಬಡತನವೇ ಈ ಆಕಾರವನ್ನು ಕಲ್ಪಿಸಿತೆಂದು ಕೆಲವರು ಹೇಳುವರು. ನಾವು ಅದನ್ನು ಒಪ್ಪುವುದಿಲ್ಲ. ಈ ಹೊಳೆಯ ತಳವು ಬಂಡೆ. ಇದರ ನೀರು ಒಂದು ತಿಂಗಳಲ್ಲಿ ಪ್ರವಾಹ, ಇನ್ನೊಂದು ತಿಂಗಳಲ್ಲಿ ಮಡುವು. ಚೂಪಾದ ಮೂತಿಯ ಮರದ ದೋಣಿಯು ತಾಗಿ ಒಡೆಯುವ ಕಡೆ ಬಿದಿರಿನ ಬುಟ್ಟಿಯು ಬಳುಕಿ ಜಾರುವುದು. ಹೊಳೆಯನ್ನು ನೂರಾರು ವರ್ಷ ನೋಡಿದವರು ಹೊಳೆಗೆ ತಕ್ಕುದನ್ನು ಹೆಣೆದರು. ಬಹು ದೂರದಲ್ಲಿ, ಯೂಫ್ರೆಟಿಸ್ ನದಿಯ ಮೇಲೆ ಬಾಬೆಲಿಗೆ ಸರಕು ತರುತ್ತಿದ್ದವರೂ ಇಂಥದನ್ನೇ ಹೆಣೆದಿದ್ದರೆಂದು ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸನು ಬರೆದಿದ್ದಾನೆ. ಅವರು ದೋಣಿಯಲ್ಲಿ ಒಂದು ಕತ್ತೆಯನ್ನೂ ನಿಲ್ಲಿಸಿಕೊಂಡು ಬರುತ್ತಿದ್ದರಂತೆ. ಊರು ಸೇರಿದ ಮೇಲೆ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಮಡಿಸಿ ಅದೇ ಕತ್ತೆಯ ಮೇಲೆ ಹೇರಿ, ಕಾಲ್ನಡೆಯಿಂದ ಮನೆಗೆ ಹಿಂದಿರುಗುತ್ತಿದ್ದರಂತೆ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗದೆ ಇದ್ದ ವರ್ಷವೇ ಇಲ್ಲ.

ಇದರ ಪಕ್ಕದಲ್ಲಿ ಆ ನಾಲ್ಕು ಪುಟಗಳ ನೌಕೆಯನ್ನು ನಿಲ್ಲಿಸಿ ನೋಡೋಣ. ೨೦೧೩ರಲ್ಲಿ ಜರ್ಮನಿಯಲ್ಲಿ ಕಟ್ಟಿ ಮುಗಿಸಿದ 'ಅಝ್ಝಾಮ್' ಎಂಬ ವಿಹಾರನೌಕೆಯ ಉದ್ದವು ೧೮೦ ಮೀಟರ್. ಅದು ತೇಲಬೇಕಾದರೆ ನಾಲ್ಕು ಮೀಟರಿಗೂ ಮಿಕ್ಕಿದ ಆಳದ ನೀರು ಬೇಕು. ಇಂಥ ನೌಕೆಗಳನ್ನು ಬಲ್ಲವರ ವಾಡಿಕೆಯ ಲೆಕ್ಕದಂತೆ, ಕೊಂಡ ಬೆಲೆಯ ಹತ್ತರಲ್ಲೊಂದು ಪಾಲು ಪ್ರತಿವರ್ಷವೂ ಸಿಬ್ಬಂದಿಗೆ, ಎಣ್ಣೆಗೆ, ಬಣ್ಣಕ್ಕೆ, ವಿಮೆಗೆ, ಬಂದರಿನ ಬಾಡಿಗೆಗೆ ತಗಲುವುದು. ಯಜಮಾನನು ಹತ್ತಿದರೂ ತಗಲುವುದು, ಹತ್ತದಿದ್ದರೂ ತಗಲುವುದು. ಚುಕ್ಕಾಣಿಯು ಬೇರೊಬ್ಬನ ಕೈಯಲ್ಲಿ. ಯಜಮಾನನು ತನ್ನ ನೌಕೆಯಲ್ಲಿ ತಾನೇ ಪ್ರಯಾಣಿಕನು.

ಇಂಥ ಆಸೆಯು ನಮ್ಮ ಕಾಲದ ಹೊಸ ರೋಗವೆಂದು ತಿಳಿಯಬಾರದು. ರೋಮ್ ನಗರಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ ನೇಮಿ ಎಂಬ ಪುಟ್ಟ ಸರೋವರವುಂಟು. ಅದರ ವಿಸ್ತೀರ್ಣವು ಎರಡು ಚದರ ಕಿಲೋಮೀಟರಿಗೂ ಕಡಮೆ. ಮೊದಲನೆಯ ಶತಮಾನದಲ್ಲಿ ಕಲಿಗುಲ ಚಕ್ರವರ್ತಿಯು ಅದರಲ್ಲಿ ಎರಡು ನೌಕೆಗಳನ್ನು ಕಟ್ಟಿಸಿದನು. ಒಂದೊಂದೂ ಸುಮಾರು ಎಪ್ಪತ್ತು ಮೀಟರ್ ಉದ್ದ. ಅಮೃತಶಿಲೆ, ಬಣ್ಣದ ಕಲ್ಲುಗಳ ನೆಲಗಟ್ಟು, ನೀರಿನ ಕೊಳವೆಗಳು ಎಲ್ಲವೂ ಅವುಗಳಲ್ಲಿದ್ದವು. ಒಂದು ದಡದಿಂದ ಹೊರಟರೆ ಕ್ಷಣಮಾತ್ರದಲ್ಲಿ ಎದುರಿನ ದಡ! ಅವು ಮುಳುಗಿ ಹತ್ತೊಂಬತ್ತು ಶತಮಾನಗಳ ತರುವಾಯ, ೧೯೨೮ರಿಂದ ಸರೋವರದ ನೀರನ್ನು ಬಸಿದು, ೧೯೩೨ರ ಹೊತ್ತಿಗೆ ಎರಡನ್ನೂ ಹೊರತೆಗೆದು ವಸ್ತುಸಂಗ್ರಹಾಲಯದಲ್ಲಿಟ್ಟರು. ೧೯೪೪ರ ಮೇ ತಿಂಗಳ ಕೊನೆಯ ರಾತ್ರಿ, ಯುದ್ಧದ ನಡುವೆ, ಆ ಕಟ್ಟಡವು ಬೆಂಕಿಗೆ ತುತ್ತಾಗಿ ಎರಡು ನೌಕೆಗಳೂ ಬೂದಿಯಾದವು.

ಆದರೆ ಕನಸು ಕಾಣಬೇಡಿರೆಂದು ನಾವು ಯಾವ ಹುಡುಗಿಗೂ ಹೇಳುವವರಲ್ಲ. ೨೦೧೭ರ ಸೆಪ್ಟೆಂಬರ್ ೧೦ರಂದು ನಮ್ಮ ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಗೋವೆಯಿಂದ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಹೊರಟು, ಭೂಮಂಡಲವನ್ನು ಸುತ್ತಿ, ೨೦೧೮ರ ಮೇ ೨೧ರಂದು ಹಿಂದಿರುಗಿದರು. ಸುಮಾರು ೨೧,೬೦೦ ನಾವಿಕ ಮೈಲಿಗಳ ಪ್ರಯಾಣ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನನ್ನೂ ಅವರು ದಾಟಿದರು. ದಾರಿಯಲ್ಲಿ ಚುಕ್ಕಾಣಿ ಕೆಟ್ಟು ಮಾರಿಷಸ್ ದ್ವೀಪದಲ್ಲಿ ನಿಂತು ಸರಿಪಡಿಸಿಕೊಳ್ಳಬೇಕಾಯಿತು. ಆ ದೋಣಿಯ ಉದ್ದವೆಷ್ಟೆಂದು ಬಲ್ಲಿರಾ? ಹದಿನೇಳು ಮೀಟರ್ ಮಾತ್ರ. ಆ 'ಅಝ್ಝಾಮ್' ನೌಕೆಯ ಹತ್ತರಲ್ಲೊಂದು ಪಾಲೂ ಇಲ್ಲ. ಅದೇ ದೋಣಿಯಲ್ಲಿ ೨೦೨೪ರ ಅಕ್ಟೋಬರ್ ೨ರಂದು ಹೊರಟ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ೨೦೨೫ರ ಮೇ ತಿಂಗಳ ಕೊನೆಗೆ ಲೋಕವನ್ನು ಸುತ್ತಿ ಬಂದರು. ಇವರಿಗಿಂತ ನೂರಿಪ್ಪತ್ತು ವರ್ಷಗಳ ಹಿಂದೆ ಜೋಶುವಾ ಸ್ಲೋಕಮ್ ಎಂಬ ನಾವಿಕನಿಗೆ ಹೊಲದಲ್ಲಿ ಬಿದ್ದು ಶಿಥಿಲವಾಗುತ್ತಿದ್ದ 'ಸ್ಪ್ರೇ' ಎಂಬ ಹಳೆಯ ದೋಣಿಯೊಂದು ದಾನವಾಗಿ ದೊರೆಯಿತು. ಅವನು ಅದನ್ನು ಹದಿಮೂರು ತಿಂಗಳು ದುಡಿದು ತನ್ನ ಕೈಯಿಂದಲೇ ಹೊಸದಾಗಿ ಕಟ್ಟಿದನು; ಖರ್ಚಾದುದು ೫೫೩ ಡಾಲರು, ೬೨ ಸೆಂಟು. ಅದರಲ್ಲಿ ೧೮೯೫ರಿಂದ ೧೮೯೮ರವರೆಗೆ ಒಬ್ಬನೇ ಭೂಪ್ರದಕ್ಷಿಣೆ ಮಾಡಿದನು. ಸೆಂಟುಗಳವರೆಗೆ ಲೆಕ್ಕವಿಟ್ಟುದನ್ನು ನೋಡಿದರೆ ನಮಗೆ ಆ ಮನುಷ್ಯನಲ್ಲಿ ವಿಶ್ವಾಸವುಂಟಾಗುವುದು.

ಇವರೆಲ್ಲರೂ ಹೋಗಬೇಕೆಂದು ಕನಸು ಕಂಡವರು. ಹೋಗಬೇಕೆಂಬ ಕನಸು ಕೈಗೆ ಸಿಕ್ಕಿದ ದೋಣಿಯನ್ನು ಹುಡುಕುವುದು. ಹೊಂದಬೇಕೆಂಬ ಕನಸು ಕೈಗೆ ಸಿಕ್ಕಿದ ದೋಣಿಯನ್ನು ಕಂಡು ನಾಚುವುದು. ಈ ಎರಡನೆಯದು ಎಷ್ಟು ವರ್ಷಗಳನ್ನು ನುಂಗಬಲ್ಲದೆಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡೆವು. ಇದನ್ನು ಬರೆಯುವುದು ಸುಲಭವಲ್ಲ. ನಮ್ಮ ತಂದೆಯವರನ್ನು ಬಲ್ಲ ಓದುಗರು ಕ್ಷಮಿಸಬೇಕು.

ಅವರು ಕುರುಗೋಡಿನಲ್ಲಿ ಉಪಾಧ್ಯಾಯರಾಗಿದ್ದರು. ಕುರುಗೋಡು ಗುಡ್ಡಬಂಡೆಗಳ ಊರು, ಹಳೆಯ ಕೋಟೆಯೂ ದೊಡ್ಡಬಸವೇಶ್ವರನ ಏಕಶಿಲೆಯ ಬೃಹತ್ ಬಸವನೂ ಅಲ್ಲಿಯ ಹೆಗ್ಗಳಿಕೆ, ಹೊಳೆಯಿಲ್ಲ. ತರುಣರಾಗಿದ್ದಾಗ ಒಮ್ಮೆ ಮಂಗಳೂರಿನಲ್ಲಿ ಸಮುದ್ರವನ್ನು ಕಂಡು ಬಂದವರು ಅದನ್ನು ಮರೆಯಲೇ ಇಲ್ಲ. ಒಂದು ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಬಿಳಿಯ ಹಾಯಿನೌಕೆಯ ಚಿತ್ರವನ್ನು ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿಕೊಂಡಿದ್ದರು. ಒಂದು ಲೆಕ್ಕದ ಪುಸ್ತಕವಿತ್ತು. ಅದರಲ್ಲಿ ನೌಕೆಯ ಬೆಲೆ, ಹಾಯಿಬಟ್ಟೆಯ ಬೆಲೆ, ಇಬ್ಬರು ಆಳುಗಳ ಸಂಬಳ, ನಿವೃತ್ತಿಯ ಹಣದಲ್ಲಿ ಅದಕ್ಕೆಷ್ಟು ಎಂಬುದನ್ನು ಪ್ರತಿವರ್ಷ ಜನವರಿಯಲ್ಲಿ ಹೊಸದಾಗಿ ಬರೆಯುವರು. ಬೆಲೆಯು ಏರಿದ ಹಾಗೆಲ್ಲ ನೌಕೆಯೂ ದೊಡ್ಡದಾಗುತ್ತ ಹೋದುದು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಅವರಿಗೆ ಈಜು ಬರುತ್ತಿರಲಿಲ್ಲ.

ನಮ್ಮ ತಾಯಿಯವರ ತವರು ಸಿರುಗುಪ್ಪ. ಅವರ ತಮ್ಮನಿಗೆ ಹೊಳೆಯ ಪಕ್ಕದಲ್ಲಿ ಸ್ವಲ್ಪ ಭತ್ತದ ಗದ್ದೆಯೂ ಒಂದು ಹರಿಗೋಲೂ ಇದ್ದವು. ಕುರುಗೋಡಿನಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯೂ ಅಲ್ಲ. ಮಳೆಗಾಲದ ಕೆಂಪು ನೀರು ಇಳಿದು ಹೊಳೆಯು ತಿಳಿಯಾದಾಗಲೆಲ್ಲ ಆತನು ತಪ್ಪದೆ ಹೇಳಿಕಳುಹುವನು. ತಾನೇ ಬಂದರೆ ಬಾಗಿಲಲ್ಲಿ ನಿಂತುಕೊಂಡೇ ಕೇಳುವನು.

"ಭಾವಾ, ನೀರು ತಿಳಿ ಆಗೈತ್ರಿ. ಅಕ್ಕನ್ನ, ಮಕ್ಕಳನ್ನ ಕರ್ಕೊಂಡು ಬರ್ರಿ. ಆಚೆ ದಡಕ್ಕೆ ಹೋಗಿ ಬುತ್ತಿ ಉಂಡು ಬರೋಣು."

"ಬುಟ್ಟಿಯಲ್ಲಿ ಕೂರುವುದಕ್ಕೆ ನಾವೇನು ಬದನೇಕಾಯಿಯೇನಯ್ಯಾ? ತಡಿ, ನನ್ನ ದೋಣಿ ಬರಲಿ, ನಿನ್ನನ್ನೇ ಅದಕ್ಕೆ ಕಪ್ತಾನನನ್ನಾಗಿ ಮಾಡುತ್ತೇನೆ."

ಎಲ್ಲರೂ ನಗುವರು. ಮಾಮನೂ ನಕ್ಕು, ಚಹ ಕುಡಿದು ಹೋಗುವನು. ತಾಯಿಯವರು ಮಾತ್ರ ಲೋಟಗಳನ್ನು ಎತ್ತಿಕೊಂಡು ಒಳಕ್ಕೆ ಹೋಗುವರು. ಅವರು ಬಾಲ್ಯದಲ್ಲಿ ತಂದೆಯ ಜೊತೆಗೆ ಆಚೆಯ ದಡದ ಹೊಲಗಳಿಗೆ ಹರಿಗೋಲಿನಲ್ಲಿಯೇ ಹೋಗಿಬರುತ್ತಿದ್ದರೆಂಬುದು ನಮಗೆ ಬಹಳ ದಿನಗಳ ತರುವಾಯ ತಿಳಿಯಿತು. ಅವರು ಎಂದೂ ಬಾಯಿಬಿಟ್ಟು ಕೇಳಿದವರಲ್ಲ. ಮದುವೆಯಾದ ಮೇಲೆ ಅವರು ಹೊಳೆಯನ್ನು ಕಂಡುದು ತವರಿನ ಹಿತ್ತಲಿನಿಂದ ಮಾತ್ರ.

ನಿವೃತ್ತರಾದ ಮರುವರ್ಷವೇ ತಂದೆಯವರು ಕಾಯಿಲೆ ಬಿದ್ದರು. ನೌಕೆಗೆಂದು ಇಟ್ಟಿದ್ದ ಹಣವೆಲ್ಲವೂ ಆಸ್ಪತ್ರೆಗೆ ಹೋಯಿತು. ಅದು ಹೋದುದಕ್ಕೆ ನಮಗೆ ದುಃಖವಿಲ್ಲ, ಹಣವಿರುವುದು ಅದಕ್ಕಾಗಿಯೇ. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಅವರು ಮಾಮನನ್ನು ಹತ್ತಿರಕ್ಕೆ ಕರೆದು, "ಈಗ ನೀರು ಹೇಗಿದೆಯೋ?" ಎಂದು ಕೇಳಿದರು. ಆಗ ಜುಲೈ ತಿಂಗಳು. ಹೊಳೆಯು ತುಂಬಿ ಹರಿಯುತ್ತಿದ್ದಿತು. "ತಿಳಿ ಐತ್ರಿ ಭಾವಾ" ಎಂದನು ಮಾಮ. ಸುಳ್ಳು ಹೇಳಬಾರದೆಂದು ನಾವು ಮಕ್ಕಳಿಗೆ ದಿನವೂ ಬೋಧಿಸುವವರು. ಆದರೂ ಆ ಸುಳ್ಳಿಗಾಗಿ ಆತನನ್ನು ದೂಷಿಸಲು ನಮ್ಮಿಂದ ಈವರೆಗೂ ಆಗಿಲ್ಲ.

ಇಲ್ಲಿ ಪೋಷಕರಿಗೆ ಒಂದು ಮಾತನ್ನು ಹೇಳದೆ ಮುಂದುವರಿದರೆ ಕರ್ತವ್ಯಲೋಪವಾದೀತು. ನೀರು ಆಟದ ಸಾಮಾನಲ್ಲ. ಅಣೆಕಟ್ಟಿನಿಂದ ನೀರು ಬಿಟ್ಟಾಗ, ಹೊಳೆಯು ಕೆಂಪಾಗಿ ಹರಿಯುವಾಗ, ಅಧಿಕಾರಿಗಳು ಹರಿಗೋಲನ್ನು ನಿಲ್ಲಿಸುವುದು ಸರಿಯಾದ ಕ್ರಮವೇ. ತೇಲುವ ಜಾಕೆಟ್ಟಿಲ್ಲದೆ ಯಾವ ಮಗುವೂ ಹತ್ತಬಾರದು. ಹರಿಗೋಲಿನ ಅಗಲವೇ ಅದನ್ನು ಮಗುಚದಂತೆ ಕಾಯುವುದಾದರೂ, ಕುಳಿತವರೆಲ್ಲರೂ ಚಿತ್ರ ತೆಗೆಯುವುದಕ್ಕೆಂದು ಒಂದೇ ಪಕ್ಕಕ್ಕೆ ಎದ್ದು ವಾಲಿದರೆ ಆ ಕಾವಲು ತಪ್ಪುವುದು. ತಳದಲ್ಲಿಯೇ, ಸುತ್ತಲೂ ಸಮನಾಗಿ ಕೂರತಕ್ಕದ್ದು. ಮತ್ತು ಅಂಬಿಗನ ಮಾತನ್ನು ಕೇಳತಕ್ಕದ್ದು.

ತಂದೆಯವರು ತೀರಿಕೊಂಡ ವರ್ಷ ಡಿಸೆಂಬರಿನಲ್ಲಿ ನಾವು ತಾಯಿಯವರನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದೆವು. ಮಾಮನು ಹರಿಗೋಲಿಗೆ ಹೊಸದಾಗಿ ಡಾಂಬರು ಬಳಿದು, ತಳದಲ್ಲಿ ಹುಲ್ಲು ಹಾಸಿ, ಅದರ ಮೇಲೆ ಒಂದು ಕಂಬಳಿಯನ್ನು ಮಡಿಸಿಟ್ಟಿದ್ದನು. ತಾಯಿಯವರಿಗೆ ಮೊಣಕಾಲು ನೋವು. ಇಬ್ಬರು ಹಿಡಿದು ಇಳಿಸಬೇಕಾಯಿತು. ಕುಳಿತ ಮೇಲೆ ಅವರು ಯಾರನ್ನೂ ಕೇಳದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಚಿನ ಆಚೆಗೆ ಕೈಚಾಚಿ ಬೆರಳುಗಳನ್ನು ನೀರಿನಲ್ಲಿ ಬಿಟ್ಟರು. ಆಚೆಯ ದಡವು ಸಿಂಧನೂರು ಸೀಮೆ. ಅಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಉಂಡೆವು. ತಮ್ಮ ತಂದೆಯವರು ಯಾವ ಬಂಡೆಗೆ ಹರಿಗೋಲನ್ನು ಕಟ್ಟುತ್ತಿದ್ದರೆಂಬುದನ್ನು ತಾಯಿಯವರು ತೋರಿಸಿದರು. ಆ ಲೆಕ್ಕದ ಪುಸ್ತಕವನ್ನು ನಾವು ಚೀಲದಲ್ಲಿ ತಂದಿದ್ದೆವು. ಹೊಳೆಗೆ ಬಿಡಬೇಕೆಂದೋ ಏನೋ, ನಮಗೇ ಸ್ಪಷ್ಟವಿರಲಿಲ್ಲ. ತಾಯಿಯವರು ಅದನ್ನು ಕಂಡು, "ಅದು ಅವರ ಅಕ್ಷರ, ನೀರಿಗೆ ಹಾಕಬೇಡ" ಎಂದುಬಿಟ್ಟರು. ಅದು ಈಗಲೂ ನಮ್ಮ ಮೇಜಿನ ಒಳಗಿದೆ.

ಹಿಂದಿರುಗುವಾಗ ಬಿಸಿಲು ಇಳಿದಿತ್ತು. ನಡುಹೊಳೆಯಲ್ಲಿ ಮಾಮನು, ನಾವು ಚಿಕ್ಕವರಾಗಿದ್ದಾಗ ಮಾಡಿತೋರಿಸಬೇಕೆಂದಿದ್ದುದನ್ನು ಈಗ ನೆನಪಿಸಿಕೊಂಡವನಂತೆ, ಹುಟ್ಟನ್ನು ಒಂದೇ ಪಕ್ಕಕ್ಕೆ ಹಾಕಿ ಹರಿಗೋಲನ್ನು ಗಿರ್ರನೆ ತಿರುಗಿಸಿದನು. ಸಿರುಗುಪ್ಪದ ದಡವೂ ಸಿಂಧನೂರಿನ ದಡವೂ ಒಂದರ ಹಿಂದೆ ಒಂದು ಓಡಿದವು. ನಾವು ಹೆದರಿ ಅಂಚನ್ನು ಹಿಡಿದುಕೊಂಡೆವು. ಹರಿಗೋಲು ನಿಂತಿತು. ಅರುವತ್ತು ದಾಟಿದ ತಾಯಿಯವರು ಕೆದರಿದ ಕೂದಲನ್ನು ಒದ್ದೆಗೈಯಿಂದಲೇ ಹಿಂದಕ್ಕೆ ತಳ್ಳಿ, ತಮ್ಮನ ಕಡೆಗೆ ತಿರುಗಿ ಹೇಳಿದರು:

"ಇನ್ನೊಂದು ಸುತ್ತು ತಿರುಗಿಸೋ."